ಸೆನ್ನೆಫರ್ ಎಂಥ ಮೇಯರ್?

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಸೆನ್ನೆಫರ್‌ನನ್ನು ಪ್ರಾಚೀನ ಈಜಿಪ್ಟಿನ ಥೀಬ್ಸ್ ನಗರದ ಮೇಯರ್ ಎಂದಿದ್ದೀರಿ. ಫರೋಹನ ಕಾಲದಲ್ಲಿ ಮೇಯರ್ ಎಲ್ಲಿಂದ ಬಂದ? ಬೀದಿ, ಚರಂಡಿ ನೋಡಿಕೊಳ್ಳುತ್ತಿದ್ದನೇ?

ಸಂಪಾದಕರ ಉತ್ತರ: ನಿಮ್ಮ ತಕರಾರು ಸರಿ. ಮೂಲದ ಪದವಿ ‘ಹಾತಿ-ಆ’. ಇಂಗ್ಲಿಷ್ ಪುಸ್ತಕಗಳು ಅದನ್ನು ಮೇಯರ್ ಎನ್ನುತ್ತವೆ, ನಾವೂ ಹಾಗೇ ಬರೆದುಬಿಟ್ಟೆವು. ಪಾಲಿಕೆಯ ಮೇಯರ್‌ಗಿಂತ ಹಳೆ ಮೈಸೂರಿನ ಅಮಲ್ದಾರನೇ ಅವನಿಗೆ ಹತ್ತಿರ. ಊರು, ಸುತ್ತಲಿನ ಹೊಲ, ಅಲ್ಲಿಂದ ಸಲ್ಲಬೇಕಾದ ಕಂದಾಯ ಅವನ ಹೊಣೆ. ವಜೀರ ರೆಖ್ಮಿರೆಯ ಸಮಾಧಿಯ ಗೋಡೆಯಲ್ಲಿ ಇಂಥ ಅಧಿಕಾರಿಗಳು ಸಾಲಾಗಿ ಬಂದು ಚಿನ್ನ, ದನ, ಬಟ್ಟೆ, ಜೇನು ಒಪ್ಪಿಸುವ ಚಿತ್ರವಿದೆ. ಚರಂಡಿಯ ಸುದ್ದಿ ಅಲ್ಲಿಲ್ಲ.

ಸೆನ್ನೆಫರ್ ಇದ್ದದ್ದು ಎರಡನೆಯ ಅಮೆನ್‌ಹೊಟೆಪ್‌ನ ಆಳ್ವಿಕೆಯಲ್ಲಿ, ಕ್ರಿ.ಪೂ. 1400ರ ಹಿಂದುಮುಂದು. ಚುನಾವಣೆಯ ಮಾತೇ ಇಲ್ಲ, ಅರಮನೆಯ ನಂಟೇ ಬಂಡವಾಳ. ಹೆಂಡತಿ ಸೆನೆತ್‌ನಾಯ್ ರಾಜನಿಗೆ ಹಾಲೂಡಿಸಿದ ದಾದಿ, ಹತ್ತಿರದ ಬಂಧು ಅಮೆನೆಮೊಪೆಟ್ ವಜೀರ. ಊರಿನ ಅಧಿಕಾರದ ಜೊತೆಗೆ ಅಮುನ್ ದೇವರ ಕಣಜ, ಹೊಲ, ತೋಟ, ದನಗಳ ಮೇಲ್ವಿಚಾರಣೆಯೂ ಅವನಿಗೇ ಸೇರಿತ್ತು.

ಅವನ ಕೆಲಸದ ವರಸೆ ತಿಳಿಯಲು ಗೇಣಿದಾರನೊಬ್ಬನಿಗೆ ಅವನು ಬರೆದ ಕಾಗದ ನೋಡಬೇಕು. ಗೇಣಿದಾರನ ಹೆಸರು ಬಾಕಿ (ನಮ್ಮ ತಮಾಷೆಯಲ್ಲ, ಹೆಸರೇ ಅದು). ಮೂರು ದಿನದಲ್ಲಿ ನನ್ನ ದೋಣಿ ಹುತ್-ಸೆಖೆಮ್ ಊರಿಗೆ ಬರುತ್ತದೆ, ಅಷ್ಟರೊಳಗೆ ಎಲ್ಲ ಸಿದ್ಧವಿರಲಿ ಎಂಬ ತಾಕೀತು. ನೈವೇದ್ಯಕ್ಕೆ ಯೋಗ್ಯವಾದ ತಾವರೆ, ಹೂಗಳನ್ನು ಕೊಯ್ದಿಡು. 5,000 ಹಲಗೆ, 200 ತೊಲೆ ಕಡಿಸು; ಈ ವರ್ಷ ನೀನು ಮರವನ್ನೇ ಕಡಿದಿಲ್ಲ, ನಾನು ಬರುವ ದೋಣಿಯಲ್ಲೇ ಸಾಗಿಸುತ್ತೇನೆ. ಹೊಸ ಮಡಕೆಗಳಲ್ಲಿ ಹಾಲು ತುಂಬಿಡಲು ದನಗಾಹಿಗಳಿಗೆ ಹೇಳು. ಕೊನೆಗೊಂದು ಚುಚ್ಚು: ನೀನು ಸೋಮಾರಿ, ಮಲಗಿಕೊಂಡೇ ಉಣ್ಣುವವನು ಅಂತ ನನಗೆ ಗೊತ್ತು! ಈ ಸುರುಳಿ ಸಿಕ್ಕಿದ್ದು ಮುದ್ರೆ ಒಡೆಯದ ಸ್ಥಿತಿಯಲ್ಲಿ. ಬಾಕಿ ಬೈಗುಳ ತಪ್ಪಿಸಿಕೊಂಡ ಅನ್ನಿಸುತ್ತದೆ.

ಈ ಪದವಿಯಲ್ಲಿ ಏಟು ಬೀಳುತ್ತಿದ್ದದ್ದು ಎಲ್ಲಿಂದ? ನೈಲ್ ನದಿಯಿಂದ. ನೆರೆ ಏರದ ಹೊಲದಲ್ಲಿ ಬಿತ್ತನೆಯಿಲ್ಲ, ಆದರೂ ದಫ್ತರ ಹಿಡಿದವನು ಬಾಗಿಲಿಗೆ ಬರುತ್ತಾನೆ. ಸೆನ್ನೆಫರ್‌ಗಿಂತ ಸುಮಾರು ಮುನ್ನೂರು ವರ್ಷ ಈಚಿನ, ಎಲಿಫೆಂಟೈನ್ ಊರಿನ ಹಾತಿ-ಆ ಮೆರಿಯುನುವಿನ ದೂರಿನ ಕಾಗದ ಉಳಿದಿದೆ. ಒಂಬೋಸ್ ಕಡೆಯ ಹೊಲವೊಂದಕ್ಕೆ 100 ಖಾರ್ ಜವೆಗೋಧಿ ಕೊಡು ಎಂದು ಗುಮಾಸ್ತ ಪಟ್ಟು ಹಿಡಿದಿದ್ದಾನೆ. ಖಾರ್ ಎಂದರೆ ಚೀಲ, ಸುಮಾರು 76 ಲೀಟರ್. ಮೆರಿಯುನುವಿನ ವಾದ: ಆ ಹೊಲ ನಾನು ಉತ್ತದ್ದೇ ಅಲ್ಲ, ಅದು ಸ್ವಂತ ಜಮೀನಿನ ಒಕ್ಕಲುಗಳದ್ದು, ಅವರು ಖಜಾನೆಗೆ ಚಿನ್ನದಲ್ಲಿ ಕಟ್ಟುತ್ತಾರೆ. ಎಡ್ಫು ಬಳಿಯ ಇನ್ನೊಂದು ಹೊಲದಲ್ಲಿ ನೀರು ಏರಿದ್ದು ಬರೀ 4 ಅರೂರಾಕ್ಕೆ, ನಮ್ಮ ಲೆಕ್ಕದಲ್ಲಿ 2.7 ಎಕರೆ. ಒಬ್ಬ ಆಳು, ಒಂದು ಜೋಡಿ ಎತ್ತು ಹಾಕಿ 40 ಖಾರ್ ಬೆಳೆಸಿ, ಒಂದು ಕಾಳೂ ಮುಟ್ಟದೆ ಒಪ್ಪಿಸಿದ್ದೇನೆ ಎನ್ನುತ್ತಾನೆ. ಅರೂರಾಕ್ಕೆ 10 ಖಾರ್ ಆಯಿತು. ಒಳ್ಳೆಯ ಹೊಲಕ್ಕೆ ಅಂದು ಹಿಡಿಯುತ್ತಿದ್ದ ದರವೂ ಅಷ್ಟೇ. ಲೆಕ್ಕ ಬಲ್ಲ ಮನುಷ್ಯ.

ಸೆನ್ನೆಫರ್‌ನ ಸಮಾಧಿಯನ್ನು (ಅಂದಿನ ಥೀಬ್ಸ್, ಇಂದಿನ ಲಕ್ಸರ್‌ನ ಪಶ್ಚಿಮ ದಂಡೆಯ 96ನೇ ಸಂಖ್ಯೆಯದು) ನೋಡುವವರು ತಲೆಯೆತ್ತಿ ನೋಡಲಿ: ಏರುತಗ್ಗಿನ ಬಂಡೆಯ ಸೂರನ್ನು ಸಮ ಮಾಡದೆ, ಆ ಉಬ್ಬುಗಳ ಮೇಲೇ ದ್ರಾಕ್ಷಿ ಚಪ್ಪರ ಬರೆದಿದ್ದಾರೆ.

ಇನ್ನು ಮೇಲೆ ‘ನಗರಾಧಿಕಾರಿ’ ಎಂದು ಬರೆಯುತ್ತೇವೆ.