ಸೋಸುವ ಬಟ್ಟೆಗೆ ಯಾವ ಕೋಡ್: 5407, 5903 ಅಥವಾ 5911?

ಪ್ರಶ್ನೆ: ರಾಯಚೂರು ಸುತ್ತಮುತ್ತಲಿನ ಹತ್ತಿಕಾಳು ಎಣ್ಣೆ ಮಿಲ್‌ಗಳಿಗೆ ಫಿಲ್ಟರ್ ಪ್ರೆಸ್ ಬಟ್ಟೆ ಕೊಡುತ್ತೇನೆ. ಮೊದಲ ಸಲ ಹೊರದೇಶದಿಂದ ಪಾಲಿಯೆಸ್ಟರ್ ನೇಯ್ಗೆ ಬಟ್ಟೆಯ ರೋಲ್ ತರಿಸುತ್ತಿದ್ದೇನೆ. ರಾಳದ ದ್ರಾವಣದಲ್ಲಿ ಅದ್ದಿ, ಬಿಸಿ ರೋಲರ್ ನಡುವೆ ಒತ್ತಿದ ಬಟ್ಟೆ. ಕಳಿಸುವವರ ಇನ್‌ವಾಯ್ಸ್‌ನಲ್ಲಿ ಕಸ್ಟಮ್ಸ್ ಡ್ಯೂಟಿಯ ಕೋಡ್ (HS ಕೋಡ್) 5407 ಅಂತಿದೆ. ಕಸ್ಟಮ್ಸ್ ಬ್ರೋಕರ್ 5903 ಅನ್ನುತ್ತಾರೆ. ಕೊಪ್ಪಳದ ಸ್ಪಾಂಜ್ ಐರನ್ ಕಾರ್ಖಾನೆಗಳಿಗೆ ಧೂಳು ಹಿಡಿಯುವ ಚೀಲ ಕೊಡುವ ಗೆಳೆಯ 5911 ಹಾಕು ಅನ್ನುತ್ತಾನೆ. ಯಾರ ಮಾತು ಕೇಳಲಿ?
ಓದುಗರು, ರಾಯಚೂರು

ಉತ್ತರ: ನೀವು ಬರೆದದ್ದನ್ನು ನೋಡಿದರೆ ನಿಮ್ಮ ಬಟ್ಟೆ 5911ಕ್ಕೆ ಸೇರುತ್ತದೆ. ಅದರೊಳಗೆ 5911 40, ಅಂದರೆ ಎಣ್ಣೆ ಪ್ರೆಸ್ ಮುಂತಾದವುಗಳಲ್ಲಿ ಬಳಸುವ ಬಗೆಯ ಸೋಸುವ ಬಟ್ಟೆ. ಆದರೆ ಗೆಳೆಯ ಹೇಳಿದರು ಅಂತ ಹಾಕಬೇಡಿ. ಮೊದಲು ಒಂದು ತುಂಡು ತರಿಸಿಕೊಂಡು ಕೈಯಲ್ಲಿ ಹಿಡಿದು ನೋಡಿ.

ಇನ್‌ವಾಯ್ಸ್‌ನ ಕೋಡಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೋಡಿನ ಎಂಟು ಅಂಕಿಗಳಲ್ಲಿ ಮೊದಲ ಆರು ಹೆಚ್ಚುಕಡಿಮೆ ಎಲ್ಲ ದೇಶಗಳಲ್ಲೂ ಒಂದೇ, ಕೊನೆಯ ಎರಡು ನಮ್ಮವು. ಆದರೂ ಕಳಿಸುವವರು ಬರೆದದ್ದು ನಮ್ಮ ಕಸ್ಟಮ್ಸ್‌ಗೆ ಆಧಾರವಲ್ಲ. 2011ರಿಂದ ಡ್ಯೂಟಿಯನ್ನು ತರಿಸಿಕೊಳ್ಳುವವರೇ ಲೆಕ್ಕ ಹಾಕಿ ಹೇಳಬೇಕು. ತಪ್ಪಾದರೆ ಹೊಣೆ ನಿಮ್ಮದೇ.

ಬ್ರೋಕರ್ ಮಾತಿಗೆ ಕಾರಣ ಇದೆ. 'ರಾಳ ಹಾಕಿದೆ' ಅಂದ ತಕ್ಷಣ ಎಲ್ಲರ ತಲೆಗೆ ಬರುವುದು 5903, ಪ್ಲಾಸ್ಟಿಕ್ ಲೇಪಿಸಿದ ಅಥವಾ ಹೀರಿಸಿದ ಬಟ್ಟೆ. ಆದರೆ ಕಸ್ಟಮ್ಸ್ ಸುಂಕ ಪಟ್ಟಿಯ 59ನೇ ಅಧ್ಯಾಯದ ಟಿಪ್ಪಣಿ 2 ಅಷ್ಟು ಸುಲಭವಾಗಿ ಒಳಗೆ ಬಿಡುವುದಿಲ್ಲ. ಪ್ಲಾಸ್ಟಿಕ್ ಬರಿಗಣ್ಣಿಗೆ ಕಾಣಬೇಕು. ಭೂತಗನ್ನಡಿ ಲೆಕ್ಕಕ್ಕಿಲ್ಲ. ಬಣ್ಣ ಬದಲಾಗಿದೆ ಅನ್ನುವುದೂ ಲೆಕ್ಕಕ್ಕಿಲ್ಲ. ರಾಳ ಹಾಕದ ಅದೇ ಬಟ್ಟೆಯ ತುಂಡೊಂದನ್ನು ಕೇಳಿ ತರಿಸಿ, ಎರಡನ್ನೂ ಪಕ್ಕದಲ್ಲಿಟ್ಟು ಬೆಳಕಿಗೆ ಹಿಡಿಯಿರಿ. ಎಳೆ ಎಳೆ ಬಿಡಿಯಾಗಿ ಕಾಣುತ್ತಿದ್ದು, ಮೇಲೆ ಯಾವ ಪದರವೂ ಕಾಣದಿದ್ದರೆ 5903ರ ಮಾತು ಅಲ್ಲಿಗೇ ಮುಗಿಯಿತು.

ಇನ್ನೊಂದು ಸರಳ ತರ್ಕ ಇದೆ. ಸೋಸುವ ಬಟ್ಟೆಯಲ್ಲಿ ಎಣ್ಣೆ ಇಳಿಯಬೇಕು, ಅಲ್ವಾ? ಪ್ಲಾಸ್ಟಿಕ್ ಪದರ ರಂಧ್ರ ಮುಚ್ಚಿದರೆ ಅದು ಟಾರ್ಪಾಲ್ ಹೊಲಿಯುವ ಬಟ್ಟೆಯಾಯಿತೇ ಹೊರತು ಫಿಲ್ಟರ್ ಬಟ್ಟೆಯಲ್ಲ. ಆಗ ಬ್ರೋಕರ್ ಹೇಳಿದ್ದೇ ಸರಿ. ಎರಡೂ ಕಡೆ ಪೂರ್ತಿ ಪ್ಲಾಸ್ಟಿಕ್ ಮುಚ್ಚಿ, ಅದು ಕಣ್ಣಿಗೆ ಕಾಣುತ್ತಿದ್ದರೆ 5903 ಕೂಡ ಅಲ್ಲ, ಪ್ಲಾಸ್ಟಿಕ್‌ನ 39ನೇ ಅಧ್ಯಾಯಕ್ಕೆ ಹೋಗುತ್ತದೆ. ಬಟ್ಟೆ ತುಂಬ ಗಡುಸಾಗಿದ್ದರೂ ಹಾಗೆಯೇ: 7 ಮಿಲಿಮೀಟರ್ ದಪ್ಪದ ಕಡ್ಡಿಗೆ ಕೈಯಿಂದ ಸುತ್ತಿದಾಗ ಮುರಿದರೆ ಅದು ಸಾಮಾನ್ಯವಾಗಿ 39. ಈ ಪರೀಕ್ಷೆಗೆ ತಾಪ 15ರಿಂದ 30 ಡಿಗ್ರಿ ಇರಬೇಕು. ರಾಯಚೂರಿನ ಮೇ ತಿಂಗಳ ಮಧ್ಯಾಹ್ನ ಗೋದಾಮಿನಲ್ಲಿ ಮಾಡಿ ನೋಡಿದರೆ ಪ್ರಯೋಜನವಿಲ್ಲ. ಬಿಸಿಗೆ ಪ್ಲಾಸ್ಟಿಕ್ ಮೆತ್ತಗಾಗಿರುತ್ತದೆ.

ಈಗ 5407. ಸಿಂಥೆಟಿಕ್ ಫಿಲಮೆಂಟ್ (ಉದ್ದನೆಯ ಅಖಂಡ ಎಳೆಯ) ನೂಲಿನ ನೇಯ್ಗೆ ಬಟ್ಟೆಗಳು ಸಾಮಾನ್ಯವಾಗಿ ಇಲ್ಲಿ ಬರುತ್ತವೆ. ಕಸ್ಟಮ್ಸ್‌ನವರು ನಿಮ್ಮನ್ನು ಹಿಡಿಯುವುದೂ ಇಲ್ಲೇ. 5911 ಏನನ್ನು ಒಳಗೊಳ್ಳುತ್ತದೆ ಎಂದು ಹೇಳುವ ಅದೇ 59ನೇ ಅಧ್ಯಾಯದ ಟಿಪ್ಪಣಿ 8ರಲ್ಲಿ (2022ಕ್ಕೆ ಮೊದಲು ಇದೇ ಟಿಪ್ಪಣಿ 7 ಆಗಿತ್ತು) ಜವಳಿ ವಿಭಾಗದ ಬೇರೆ ಯಾವ ನಾಲ್ಕಂಕಿಯ ಹೆಡಿಂಗ್‌ಗೂ ಸೇರದ ಸರಕು ಅನ್ನುವ ಮಾತಿದೆ. ರೋಲ್ ರೂಪದಲ್ಲಿ ಬರುವ ಬಟ್ಟೆಯಾದರೆ, ಅಲ್ಲಿ ಹೆಸರು ಹೇಳಿದವುಗಳಿಗೆ ಮಾತ್ರ ಜಾಗ. ಸೋಸುವ ಬಟ್ಟೆಯ ಹೆಸರು ಅಲ್ಲಿದೆ. ಹಾಗಾಗಿ 'ಇದು ಬರೀ ಪಾಲಿಯೆಸ್ಟರ್ ಬಟ್ಟೆ ಅಲ್ಲ, ಸೋಸುವ ಬಟ್ಟೆ' ಎಂದು ಬಟ್ಟೆಯ ಗುಣದಿಂದಲೇ ತೋರಿಸಬೇಕು. ಒತ್ತಾದ ನೇಯ್ಗೆ, ಒಂದು ಬಗೆಯ ಬಿರುಸು, ನಿಗದಿತ ರಂಧ್ರದ ಅಳತೆ, ಇವೇ ನಿಮ್ಮ ಸಾಕ್ಷಿ.

5911 40ರ ವಿವರಣೆಯಲ್ಲಿರುವ 'ಬಳಸುವ ಬಗೆಯ' ಅನ್ನುವ ಪದವನ್ನು ಗಮನಿಸಿ. ನೀವು ಏನಕ್ಕೆ ಬಳಸುತ್ತೀರಿ ಅನ್ನುವುದಲ್ಲ, ಬಟ್ಟೆ ಯಾವ ಬಗೆಯದು ಅನ್ನುವುದು ಮುಖ್ಯ. ಬಳ್ಳಾರಿಯ ಜೀನ್ಸ್ ಹೊಲಿಯುವವರು ಜೇಬಿನ ಅಸ್ತರಿಗೆ ತರಿಸಿದ ಬಟ್ಟೆಯನ್ನು ನೀವು ಕೊಂಡು ಎಣ್ಣೆ ಸೋಸಿದರೂ ಅದು 5911 ಆಗುವುದಿಲ್ಲ.

ನಿಮ್ಮ ಗೆಳೆಯರ ಹೆಡಿಂಗ್ ಸರಿ, ಆದರೆ ಅವರು ಬಂದ ದಾರಿ ಬೇರೆ. ಹೊಲಿದು ತಯಾರಾದ ಧೂಳಿನ ಚೀಲ ತಾಂತ್ರಿಕ ಬಳಕೆಯ ಜವಳಿ ವಸ್ತು, ಅದು 5911 90. ಅವರ ಬಿಲ್ ಆಫ್ ಎಂಟ್ರಿ (ಕಸ್ಟಮ್ಸ್‌ಗೆ ಕೊಡುವ ಆಮದು ಘೋಷಣೆ) ನೋಡಿ ಎಂಟೂ ಅಂಕಿ ನಕಲು ಮಾಡಬೇಡಿ.

ಕಾಗದಪತ್ರದ ವಿಷಯದಲ್ಲಿ ದಯವಿಟ್ಟು ಎಚ್ಚರ ವಹಿಸಿ. ಹಿಂದೊಮ್ಮೆ ನಾನು ನೋಡಿಕೊಳ್ಳುತ್ತಿದ್ದ ಸರಕಿನ ಇನ್‌ವಾಯ್ಸ್‌ನಲ್ಲಿ ಸುಮ್ನೆ 'ಪಾಲಿಯೆಸ್ಟರ್ ಬಟ್ಟೆ' ಅಂತಷ್ಟೇ ಇತ್ತು. ಮಾದರಿ ಲ್ಯಾಬಿಗೆ ಹೋಯಿತು. ವರದಿ ಬರುವವರೆಗೆ ಕಂಟೇನರ್ ಬಂದರಿನಲ್ಲೇ ನಿಂತಿತು. ಬಾಡಿಗೆ ಕಟ್ಟಿದ ವ್ಯಾಪಾರಿಯ ಮುಖ ಇವತ್ತಿಗೂ ಮರೆತಿಲ್ಲ. ನೀವು ಕಳಿಸುವವರಿಂದ ಈಗಲೇ ತಾಂತ್ರಿಕ ವಿವರದ ಹಾಳೆ ತರಿಸಿ. ನೂಲು ಫಿಲಮೆಂಟೋ ಅಥವಾ ತುಂಡು ನಾರಿನದೋ, ಚದರ ಮೀಟರಿಗೆ ತೂಕ ಎಷ್ಟು, ಗಾಳಿ ಎಷ್ಟು ಹಾಯುತ್ತದೆ, ರಾಳ ಯಾವುದು, ಎಷ್ಟು ಹಾಕಿದ್ದಾರೆ, ಎಲ್ಲವೂ ಅದರಲ್ಲಿ ಇರಲಿ. ರಾಳ ಹಾಕಿದ್ದನ್ನು ಮುಚ್ಚಿಡಬೇಡಿ. ಕಡಿಮೆ ಕಟ್ಟಿದ ಡ್ಯೂಟಿಯನ್ನು ಸಾಮಾನ್ಯವಾಗಿ 2 ವರ್ಷದೊಳಗೆ ಕೇಳಬಹುದು. ಬೇಕಂತಲೇ ಮುಚ್ಚಿಟ್ಟಿದ್ದರೆ 5 ವರ್ಷದವರೆಗೂ ಕೇಳಬಹುದು.

ಇದು ಒಂದೇ ಸಲದ ಸರಕಲ್ಲ, ಮುಂದೆಯೂ ತರಿಸುತ್ತೀರಿ ಅಂತಾದರೆ, ಆರ್ಡರ್ ಕೊಡುವ ಮೊದಲೇ ಕಸ್ಟಮ್ಸ್ ಮುಂಗಡ ತೀರ್ಪು ಪ್ರಾಧಿಕಾರಕ್ಕೆ ಅರ್ಜಿ ಹಾಕಿ. ದೆಹಲಿ ಮತ್ತು ಮುಂಬೈಯಲ್ಲಿ ಪೀಠಗಳಿವೆ. ತೀರ್ಪಿಗೆ 3 ತಿಂಗಳ ಗಡುವಿದೆ. ಕಾನೂನು ಅಥವಾ ಸಂಗತಿ ಬದಲಾಗದಿದ್ದರೆ ಅದು 3 ವರ್ಷ ನಡೆಯುತ್ತದೆ. ಸರಕು ಆಗಲೇ ಹಡಗು ಹತ್ತಿದ್ದರೆ ಅಷ್ಟು ಕಾಯಲು ಆಗುವುದಿಲ್ಲ. ಆಗ 5911 40 ಎಂದು ಬರೆದು, ವಿವರದ ಹಾಳೆ ಲಗತ್ತಿಸಿ. ಅಧಿಕಾರಿ ಒಪ್ಪದಿದ್ದರೆ ಕಸ್ಟಮ್ಸ್ ಕಾಯ್ದೆಯ ಸೆಕ್ಷನ್ 18ರಡಿ ತಾತ್ಕಾಲಿಕ ಮೌಲ್ಯಮಾಪನ (ಕೊನೆಯ ನಿರ್ಧಾರದವರೆಗೆ ಹಂಗಾಮಿ ಡ್ಯೂಟಿ ಲೆಕ್ಕ) ಕೇಳಿ. ಬಾಂಡ್ ಕೊಟ್ಟು ಸರಕು ಬಿಡಿಸಿಕೊಳ್ಳಬಹುದು, ಲ್ಯಾಬ್ ವರದಿ ಆಮೇಲೆ ಬರಲಿ.