ಆಂಟಿಬಾಡಿ ನೆಗೆಟಿವ್ ಬಂತು, ಆದರೂ ಸಂಜೆಗೆ ರೆಪ್ಪೆ ಬೀಳುತ್ತದೆ

ಪ್ರಶ್ನೆ: ನಮ್ಮ ಅವ್ವನಿಗೆ 52 ವರ್ಷ. ಮೂರು ತಿಂಗಳಿಂದ ಸಂಜೆಯಾದರೆ ಎಡಗಣ್ಣಿನ ರೆಪ್ಪೆ ಜೋತು ಬೀಳುತ್ತದೆ. ಕಾಫಿ ಕೊಯ್ಯುವಾಗ ಒಂದು ಗೊಂಚಲು ಎರಡಾಗಿ ಕಾಣುತ್ತದಂತೆ. ಬೆಳಿಗ್ಗೆ ಎದ್ದಾಗ ಏನೂ ಇರುವುದಿಲ್ಲ. ಸ್ನಾಯುಗಳು ಬೇಗ ಸೋಲುವ ಮಯಸ್ತೇನಿಯಾ ಕಾಯಿಲೆ ಇರಬಹುದು ಅಂತ ಡಾಕ್ಟರು ರಕ್ತ ತೆಗೆದು ಬೆಂಗಳೂರಿಗೆ ಕಳಿಸಿದರು. ರಿಪೋರ್ಟ್ ನೆಗೆಟಿವ್. ಅಂದರೆ ಕಾಯಿಲೆ ಇಲ್ಲ ಅಂತಲಾ?
– ಓದುಗರೊಬ್ಬರು, ವಿರಾಜಪೇಟೆ

ಉತ್ತರ: ಇಷ್ಟಕ್ಕೇ ಹಾಗೆ ಅಂದುಕೊಳ್ಳಬೇಡಿ. ನಿಮ್ಮ ಪತ್ರದಲ್ಲಿ ನನಗೆ ರಿಪೋರ್ಟಿಗಿಂತ ದೊಡ್ಡದಾಗಿ ಕಂಡಿದ್ದು ‘ಬೆಳಿಗ್ಗೆ ಏನೂ ಇರುವುದಿಲ್ಲ’ ಅನ್ನೋ ಮಾತು. ದುಡಿದಷ್ಟೂ ಸೋಲುವುದು, ಮಲಗಿ ಎದ್ದರೆ ಸರಿಹೋಗುವುದು ಈ ಕಾಯಿಲೆಯ ಗುಣ.

ರೆಪ್ಪೆ ಎತ್ತು ಅಂತ ನರ ಸ್ನಾಯುವಿಗೆ ಹೇಳುವುದು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ಮೂಲಕ. ಅದು ಬಂದು ಕೂರುವ ಜಾಗವೇ ರಿಸೆಪ್ಟರ್. ಮಯಸ್ತೇನಿಯಾದಲ್ಲಿ ರೋಗಾಣುಗಳ ವಿರುದ್ಧ ಹೋರಾಡಬೇಕಾದ ನಮ್ಮದೇ ದೇಹದ ಆಂಟಿಬಾಡಿಗಳು ಆ ಜಾಗವನ್ನು ಕೆಡಿಸುತ್ತವೆ. ರಕ್ತದಲ್ಲಿ ಹುಡುಕಿದ್ದು ಅವನ್ನೇ. ಕೈಕಾಲಿಗೂ ಕಾಯಿಲೆ ಹಬ್ಬಿದವರಲ್ಲಿ ಸುಮಾರು 85% ಜನರಿಗೆ ಇದು ಪಾಸಿಟಿವ್ ಬರುತ್ತದೆ. ಬರೀ ಕಣ್ಣಿಗೆ ಸೀಮಿತವಾಗಿದ್ದರೆ ಸಿಕ್ಕಿಬೀಳುವುದು ಹೆಚ್ಚುಕಡಿಮೆ ಅರ್ಧದಷ್ಟು ಜನರಲ್ಲಿ ಮಾತ್ರ. ಉಳಿದರ್ಧ ಜನರ ಕೈಯಲ್ಲಿ ನಿಮ್ಮದೇ ಥರದ ರಿಪೋರ್ಟ್ ಇರುತ್ತದೆ.

ಹಾಗಾಗಿ ಬೆಳಿಗ್ಗೆ ಒಂದು, ಕೆಲಸ ಮುಗಿಸಿ ಬಂದಾಗ ಒಂದು, ಅವ್ವನ ಮುಖದ ಫೋಟೊ ತೆಗೆದಿಡಿ. ಡಾಕ್ಟರನ್ನು ಕಾಣುವುದು ಬೆಳಿಗ್ಗೆ ಹೊತ್ತು, ಆಗ ರೆಪ್ಪೆ ನೆಟ್ಟಗೇ ಇರುತ್ತದೆ ಅಲ್ವಾ? ರೆಪ್ಪೆ ಬಿದ್ದಿರುವಾಗ ಹೋದರೆ ಅವರು ಐಸ್ ಪರೀಕ್ಷೆ ಮಾಡಬಹುದು. ಮುಚ್ಚಿದ ಕಣ್ಣಿನ ಮೇಲೆ ಬಟ್ಟೆಯಲ್ಲಿ ಸುತ್ತಿದ ಐಸ್ ಎರಡು ನಿಮಿಷ ಇಟ್ಟು ತೆಗೆಯುತ್ತಾರೆ. ತಣ್ಣಗಾದಾಗ ಅಸಿಟೈಲ್‌ಕೋಲಿನ್ ಬೇಗ ಕರಗಿ ಹೋಗುವುದಿಲ್ಲ. ರೆಪ್ಪೆ 2 ಮಿಲಿಮೀಟರ್ ಮೇಲೆದ್ದರೂ ಅದು ಒಳ್ಳೆಯ ಸುಳಿವು. ಐಸ್‌ಗೆ ಎಷ್ಟು ಖರ್ಚು ಹೇಳಿ!

ಆಮೇಲೆ ನರತಜ್ಞರು ನರಕ್ಕೆ ಮತ್ತೆ ಮತ್ತೆ ಸಣ್ಣ ಕರೆಂಟ್ ಕೊಟ್ಟು ನೋಡುವ ಪರೀಕ್ಷೆ ಹೇಳಬಹುದು. ಮಸ್ಕ್ ಎಂಬ ಇನ್ನೊಂದು ಆಂಟಿಬಾಡಿ ಇದೆ, ಆದರೆ ಬರೀ ಕಣ್ಣಿನ ತೊಂದರೆಯಲ್ಲಿ ಅದು ಸಿಗುವುದು ಅಪರೂಪ. ಸುಮ್ನೆ ದೊಡ್ಡ ಪ್ಯಾಕೇಜ್ ಟೆಸ್ಟಿಗೆ ದುಡ್ಡು ಸುರಿಯಬೇಡಿ. ಮುಂದೆ ಪಾಸಿಟಿವ್ ಬಂದರೂ ರಿಪೋರ್ಟಿನಲ್ಲಿರುವ ಆಂಟಿಬಾಡಿಯ ಸಂಖ್ಯೆ ನೋಡಿ ಹೆದರಬೇಕಿಲ್ಲ. ಅದು ಜಾಸ್ತಿ ಇದ್ದ ಮಾತ್ರಕ್ಕೆ ಕಾಯಿಲೆ ಜೋರು ಅಂತಲ್ಲ.

ಬೇರೆ ಯಾವ ಡಾಕ್ಟರ ಹತ್ತಿರ ಹೋದರೂ ಮಯಸ್ತೇನಿಯಾ ಅನುಮಾನವಿದೆ ಅಂತ ಮೊದಲೇ ಹೇಳಿ. ಸಿಪ್ರೋಫ್ಲಾಕ್ಸಾಸಿನ್‌ನಂಥ ಕೆಲವು ಆಂಟಿಬಯೋಟಿಕ್‌ಗಳು ಇದನ್ನು ಕೆರಳಿಸುತ್ತವೆ. ನೀರು ನುಂಗುವಾಗ ಮೂಗಿಗೆ ಬಂದರೆ, ಮಾತು ತೊದಲಿದರೆ, ಮಲಗಿದಾಗ ಉಸಿರು ಕಟ್ಟಿದಂತಾದರೆ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ. ರಾತ್ರಿಯಾದರೂ ಸರಿ, ಆಂಬುಲೆನ್ಸ್ ಕರೆಸಿ ಹೊರಡಿ.