ಅಣ್ಣನ ಕಿಡ್ನಿ ಕೆಡಿಸಿದ್ದು ಇಲಿಯೇ?

ಗಂಗಾವತಿ ಕಡೆಯ ಓದುಗರೊಬ್ಬರ ಪತ್ರ: "ಅಣ್ಣ ರೈಸ್ ಮಿಲ್ಲಿನಲ್ಲಿ ಹಮಾಲಿ ಮಾಡುತ್ತಿದ್ದ. ಬಿಪಿ ಇತ್ತು. ಈಗ ವಾರಕ್ಕೆ ಎರಡು ಸಲ ಡಯಾಲಿಸಿಸ್. ಗೋದಾಮಿನ ತುಂಬ ಇಲಿ. ಇಲಿಯಿಂದ ಬರುವ ಹಂಟಾ ವೈರಸ್ ಕಿಡ್ನಿ ಕೆಡಿಸುತ್ತದೆ ಅಂತ ಮೊಬೈಲಿನಲ್ಲಿ ಓದಿದೆ. ಹಾಗೇ ಆಯಿತಾ? ಪಕ್ಕದ ಬೆಡ್ಡಿನವರಿಂದಲೂ ಬರುತ್ತದಾ? ಟೆಸ್ಟ್ ಮಾಡಿಸಲೇ?"

ಪಕ್ಕದ ಬೆಡ್ಡಿನ ಭಯ ಬಿಡಿ. ಈ ವೈರಸ್ ಮನುಷ್ಯರಿಂದ ಮನುಷ್ಯರಿಗೆ ಹರಡಿದ್ದು ಕಂಡಿರುವುದು ದಕ್ಷಿಣ ಅಮೆರಿಕದ ಆಂಡಿಸ್ ಎಂಬ ಬಗೆಯಲ್ಲಿ ಮಾತ್ರ. ಡಯಾಲಿಸಿಸ್ ಕೋಣೆಯಲ್ಲಿ ನಿಜವಾಗಿ ಹೆದರಬೇಕಾದದ್ದು ಹೆಪಟೈಟಿಸ್ ಬಿ ಮತ್ತು ಸಿ ಗೆ. ಅಣ್ಣನಿಗೆ ಬಿ ಲಸಿಕೆ ಆಗಿದೆಯಾ, ಮೊದಲು ಅದನ್ನು ಕೇಳಿ.

ನಿಮ್ಮ ಅನುಮಾನ ಸುಮ್ನೆ ಹುಟ್ಟಿದ್ದಲ್ಲ. ಕೊರಿಯಾ ಯುದ್ಧದಲ್ಲಿ 3000ಕ್ಕೂ ಹೆಚ್ಚು ವಿದೇಶಿ ಸೈನಿಕರಿಗೆ ಜ್ವರ ಬಂದು ಕಿಡ್ನಿ ಕೈಕೊಟ್ಟಿತ್ತು. 1970ರ ದಶಕದಲ್ಲಿ ಕೊರಿಯಾದ ವಿಜ್ಞಾನಿ ಹೋ ವಾಂಗ್ ಲೀ ಅಲ್ಲಿನ ಹೊಲದಿಲಿಯಲ್ಲಿ ಇದರ ವೈರಸ್ ಪತ್ತೆ ಮಾಡಿದರು. ಆದರೆ ಬದುಕುಳಿದವರಲ್ಲಿ ಹೆಚ್ಚಿನವರ ಕಿಡ್ನಿ ಮತ್ತೆ ಸುಧಾರಿಸುತ್ತದೆ. ಅಣ್ಣನದು ವರ್ಷಗಟ್ಟಲೆ ಮೆಲ್ಲಗೆ ಕೆಡುವ ಕಾಯಿಲೆ, ಬೇರೆಯೇ ಕಥೆ.

ಆ ಕಥೆಗೂ ಇಲಿಗೂ ನಂಟಿದೆಯಾ? 1990ರ ದಶಕದಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ, ಬಿಪಿಯಿಂದ ಕಿಡ್ನಿ ಕೆಟ್ಟು ಡಯಾಲಿಸಿಸ್‌ಗೆ ಬಂದವರ ರಕ್ತದಲ್ಲಿ ಈ ವೈರಸ್ಸಿನ ಪ್ರತಿಕಾಯ (ಸೋಂಕಿನ ವಿರುದ್ಧ ದೇಹ ತಯಾರಿಸುವ ವಸ್ತು) ಬೇರೆಯವರಿಗಿಂತ ಜಾಸ್ತಿ ಜನರಲ್ಲಿ ಸಿಕ್ಕಿತು. ಶ್ರೀಲಂಕಾದಲ್ಲಿ ಕಾರಣ ತಿಳಿಯದ ಕಿಡ್ನಿ ಕಾಯಿಲೆಯ ರೈತರಲ್ಲೂ ಹಾಗೇ. ವೆಲ್ಲೂರಿನ ವೈದ್ಯರು ಕಿಡ್ನಿ ರೋಗಿಗಳ ಜೊತೆ ಗೋದಾಮಿನ ಕೆಲಸಗಾರರು, ಇಲಿ ಹಿಡಿಯುವ ಇರುಳ ಬುಡಕಟ್ಟಿನವರ ರಕ್ತವನ್ನೂ ನೋಡಿದ್ದಾರೆ, ಸೋಂಕಿನ ಗುರುತು ಸಿಕ್ಕಿದೆ.

ಇಲ್ಲೇ ಎಚ್ಚರ ಬೇಕು. ಪ್ರತಿಕಾಯ ಇದ್ದರೆ ಎಂದೋ ಸೋಂಕು ತಗುಲಿತ್ತು ಎಂದಷ್ಟೇ ಅರ್ಥ. ಇಲಿ ಓಡಾಡುವ ಬಡವರ ಮನೆಯಲ್ಲೇ ಬಿಪಿ ಮಾತ್ರೆ ತಪ್ಪುವುದೂ ಜಾಸ್ತಿ, ಅಲ್ವಾ? ಅದೂ ಸಾಲದೆಂದು ಬಿಪಿ ಕಿಡ್ನಿ ಕೆಡಿಸುತ್ತದೆ, ಕೆಟ್ಟ ಕಿಡ್ನಿ ಬಿಪಿ ಏರಿಸುತ್ತದೆ. ಯಾವುದು ಮೊದಲು ಎಂದು ಬಿಡಿಸುವುದು ಕಷ್ಟ. ನನಗಂತೂ ಅಣ್ಣನ ವಿಷಯದಲ್ಲಿ ಇಲಿಗಿಂತ ಬಿಪಿಯ ಮೇಲೇ ಅನುಮಾನ.

ಟೆಸ್ಟಿಗೆ ದುಡ್ಡು ಸುರಿಯಬೇಡಿ. ಫಲಿತಾಂಶ ಏನೇ ಬರಲಿ, ಡಯಾಲಿಸಿಸ್ ಬದಲಾಗುವುದಿಲ್ಲ.

ಮಿಲ್ಲಿನಲ್ಲಿ ಇನ್ನೂ ದುಡಿಯುವವರಿಗೆ ಮಾತ್ರ ಒಂದು ಮಾತು ಮುಟ್ಟಿಸಿ. ಇಲಿ ಹಿಕ್ಕೆಯನ್ನು ಒಣಗಿದ್ದಾಗಲೇ ಗುಡಿಸಬಾರದು, ಧೂಳಿನ ಜೊತೆ ವೈರಸ್ ಮೂಗಿಗೆ ಹೋಗುತ್ತದೆ. ಬ್ಲೀಚಿಂಗ್ ಪೌಡರ್ ನೀರು ಹಾಕಿ ನೆನೆಸಿ, ಒರೆಸಿ ತೆಗೆಯಲಿ. ಜೋರು ಜ್ವರ, ಮೀನಖಂಡದ ನೋವು ಬಂದರೆ ಡಾಕ್ಟರಿಗೆ ಇಲಿ ವಿಷಯ ಹೇಳಲಿ. ನಮ್ಮಲ್ಲಿ ಅದು ಹಂಟಾಕ್ಕಿಂತ ಇಲಿ ಜ್ವರ (ಲೆಪ್ಟೊಸ್ಪೈರೋಸಿಸ್) ಆಗಿರುವ ಸಾಧ್ಯತೆಯೇ ಹೆಚ್ಚು. ಅದೂ ಕಿಡ್ನಿಗೆ ಏಟು ಕೊಡುತ್ತದೆ, ಆದರೆ ಬೇಗ ಹೋದರೆ ಅದಕ್ಕೆ ಔಷಧಿ ಇದೆ.

– ಸಂಪಾದಕ